ಸ್ವತಂತ್ರ ವೃತ್ತಿ: ಛಲವೊಂದೇ ಸಾಲದು

ನಮ್ಮ ಕರಾವಳಿಯ ಕುಟುಂಬಗಳಲ್ಲಿ ಮದುವೆಯ ಮಾತುಕತೆ ನಡೆಯುವಾಗ "ಹುಡುಗನಿಗೆ ಎಲ್ಲಿ ಕೆಲಸ?" ಎಂಬ ಪ್ರಶ್ನೆ ತಪ್ಪಿದ್ದಲ್ಲ. ಬ್ಯಾಂಕು, ಕಾಲೇಜು ಅಥವಾ ಕೊಲ್ಲಿ ರಾಷ್ಟ್ರದ ಕಂಪನಿಯ ಹೆಸರು ಕೇಳಿದರೆ ಹಿರಿಯರಿಗೆ ಸಮಾಧಾನ. "ಮನೆಯಲ್ಲಿದ್ದೇ ಭಾಷಾಂತರ ಮಾಡುತ್ತಾನೆ" ಎಂದರೆ ಕ್ಷಣಕಾಲ ಮೌನ, ಬಳಿಕ "ಖಾಯಂ ಕೆಲಸ ಯಾವಾಗ?" ಎಂಬ ಮರುಪ್ರಶ್ನೆ.

ಮಾಸಿಕ ಸಂಬಳವಿಲ್ಲದ ದುಡಿಮೆ ನಮಗೆ ಹೊಸತೇನಲ್ಲ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಈ ಜಿಲ್ಲೆಯಲ್ಲಿ ಅಸಂಖ್ಯ. ಮನೆಯಲ್ಲೇ ದುಡಿಯುವ ಅವರೂ ಕಾರ್ಮಿಕರೇ ಎಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಮಾನ್ಯ ಮಾಡಿತ್ತು. ಇಂದು ಅಂತಹ ದುಡಿಮೆಯ ರೂಪ ಬದಲಾಗಿದೆ, ವ್ಯಾಪ್ತಿ ಹಿಗ್ಗಿದೆ. ನೀತಿ ಆಯೋಗದ 2022ರ ವರದಿಯ ಪ್ರಕಾರ ದೇಶದಲ್ಲಿ ಗಿಗ್ ಕಾರ್ಮಿಕರ ಸಂಖ್ಯೆ 2020-21ರಲ್ಲಿ 77 ಲಕ್ಷ. 2029-30ರ ವೇಳೆಗೆ ಅದು 2.35 ಕೋಟಿಗೆ ಏರಬಹುದೆಂಬುದು ಆಯೋಗದ ಅಂದಾಜು.

ಕರ್ನಾಟಕವು 2025ರಲ್ಲಿ ಇವರಿಗಾಗಿಯೇ ಪ್ರತ್ಯೇಕ ಕಾಯ್ದೆ ರೂಪಿಸಿದ್ದು ಸ್ವಾಗತಾರ್ಹ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ತೆರಬೇಕು. ಲಿಖಿತ ಕಾರಣ ಮತ್ತು 14 ದಿನಗಳ ಪೂರ್ವಸೂಚನೆ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ಆದರೆ ಈ ರಕ್ಷಣೆ ದೊರೆಯುವುದು ಆ್ಯಪ್ ಮುಂತಾದ ವೇದಿಕೆಗಳ ಮೂಲಕ ದುಡಿಯುವವರಿಗೆ ಮಾತ್ರ. ಗಿರಾಕಿಯೊಡನೆ ನೇರವಾಗಿ ವ್ಯವಹರಿಸುವ ಭಾಷಾಂತರಕಾರ, ಛಾಯಾಗ್ರಾಹಕ, ವಿನ್ಯಾಸಗಾರ ಅದರ ಹೊರಗೇ ಉಳಿಯುತ್ತಾರೆ.

ಇವರ ಮುಖ್ಯ ಸಂಕಷ್ಟ ಕೆಲಸದ ಅಭಾವವೊಂದೇ ಅಲ್ಲ. ಮಾಡಿದ ಕೆಲಸದ ಹಣ ಸಕಾಲದಲ್ಲಿ ಕೈಸೇರದಿರುವುದೂ ಹೌದು. "ಮುಂದಿನ ವಾರ ನೋಡೋಣ" ಎಂಬ ಉತ್ತರ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಮಕ್ಕಳ ಶಾಲಾ ಶುಲ್ಕ ಮಾತ್ರ ಮುಂದಿನ ವಾರಕ್ಕೆ ಕಾಯುವುದಿಲ್ಲ.

ಇದಕ್ಕೂ ಕಾನೂನಿನಲ್ಲಿ ಪರಿಹಾರವಿದೆ ಎಂಬುದು ಅನೇಕರಿಗೆ ತಿಳಿಯದು. 'ಉದ್ಯಮ್' ಪೋರ್ಟಲಿನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡರೆ ಒಬ್ಬನೇ ದುಡಿಯುವವನೂ ಕಿರು ಉದ್ಯಮಿಯೆನಿಸಿಕೊಳ್ಳಬಹುದು. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯಂತೆ ಆತನ ಬಾಕಿಯನ್ನು ಹೆಚ್ಚೆಂದರೆ 45 ದಿನಗಳೊಳಗೆ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಾಯಿಸಿಕೊಳ್ಳುವುದು ಲೇಸು.

ಆದರೂ ದೂರು ನೀಡಿದರೆ ಆ ಗಿರಾಕಿ ಮತ್ತೆ ಕರೆಯಲಾರನೆಂಬ ಅಳುಕು ಸಹಜವೇ. ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡವನಲ್ಲಿ ಈ ಅಳುಕು ಹೆಚ್ಚು. ಆದುದರಿಂದ ದರ ಮತ್ತು ಪಾವತಿಯ ದಿನಾಂಕವನ್ನು ಬರವಣಿಗೆಯಲ್ಲಿ ಪಡೆಯುವುದು, ಒಂದಂಶವನ್ನು ಮುಂಗಡವಾಗಿ ಕೇಳುವುದು, ನಾಲ್ಕಾರು ಗಿರಾಕಿಗಳನ್ನು ಉಳಿಸಿಕೊಳ್ಳುವುದು ಅವಶ್ಯ. ಭವಿಷ್ಯ ನಿಧಿಯಾಗಲಿ, ಸಂಬಳಸಹಿತ ರಜೆಯಾಗಲಿ ಇಲ್ಲದ ವೃತ್ತಿಯಲ್ಲಿ ಆದಾಯ ಕೂಡಿಬಂದ ತಿಂಗಳು ಬರಿಗೈಯ ತಿಂಗಳಿಗಾಗಿ ಎತ್ತಿಡಲೇಬೇಕು. ಛಲವಿದ್ದರೆ ಸಾಕೆಂದು ಯುವಕರಿಗೆ ಉಪದೇಶಿಸುವುದು ಸುಲಭ. ಆದರೆ ಬುನಾದಿಯಿಲ್ಲದ ಛಲ ಸಾಲದ ಸುಳಿಗೆ ಸಿಲುಕಿಸೀತು.

ಮನೆಯವರ ಪಾತ್ರವೂ ಕಿರಿದಲ್ಲ. ಮನೆಯಲ್ಲಿರುವವನು ಬಿಡುವಾಗಿದ್ದಾನೆಂದು ಭಾವಿಸಿ ಅವನನ್ನು ಹಗಲಿಡೀ ಪೇಟೆಗೆ ಅಟ್ಟಿದರೆ ಕೆಲಸ ರಾತ್ರಿಗೆ ಜಾರುತ್ತದೆ, ಆರೋಗ್ಯ ಕೆಡುತ್ತದೆ. ಅವನ ಕೆಲಸದ ವೇಳೆಯನ್ನು ಕಚೇರಿಯ ವೇಳೆಯಂತೆಯೇ ಗೌರವಿಸೋಣ. "ಖಾಯಂ ಕೆಲಸ ಯಾವಾಗ?" ಎಂದು ಕೇಳುವ ಹಿರಿಯರು ಇನ್ನು ಮುಂದೆ "ಕಳೆದ ತಿಂಗಳ ಬಾಕಿ ಬಂತೇ ಮಗಾ?" ಎಂದು ಕೇಳಲಿ. ಆ ಒಂದು ಪ್ರಶ್ನೆಯಿಂದಲೇ ತನ್ನ ದುಡಿಮೆಯನ್ನು ಮನೆಯವರು ದುಡಿಮೆಯೆಂದು ಒಪ್ಪಿದ್ದಾರೆಂಬ ಧೈರ್ಯ ಅವನಿಗೆ ಬರುತ್ತದೆ.