ಅಕ್ಕಾದರು ಕಲಿತ ಇಂಗ್ಲಿಷ್

ಪರಭಾಷೆಗಳನ್ನು ಕಲಿಯುವ ಶಕ್ತಿ ಕೆಲವರಿಗೆ ಜನ್ಮತಃ ಒಲಿದಿರುತ್ತದೆಂಬ ಲೋಕದ ನಂಬಿಕೆಯನ್ನು ಅಳತೆಗೆ ಒಳಪಡಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಜಾನ್ ಕ್ಯಾರಲ್ ಮತ್ತು ಸ್ಟ್ಯಾನ್ಲಿ ಸೇಪನ್. 1959ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆ, ಅಪರಿಚಿತ ಧ್ವನಿಯನ್ನು ಹಿಡಿದಿಡುವ ಕಿವಿ, ವಾಕ್ಯದಲ್ಲಿ ಪದದ ವ್ಯಾಪಾರವನ್ನು ಗುರುತಿಸುವ ಬುದ್ಧಿ, ಕಂಠಸ್ಥ ಮಾಡಿಕೊಳ್ಳುವ ಸ್ಮರಣೆ ಮೊದಲಾದವನ್ನು ಪರಿಶೀಲಿಸುವಂಥದು. ಒಬ್ಬನು ಎಷ್ಟು ಬೇಗ ಕಲಿತಾನೆಂಬುದನ್ನು ಅದು ಸೂಚಿಸೀತೇ ಹೊರತು, ಕಲಿಯಲಾರನೆಂಬ ತೀರ್ಪನ್ನು ಕೊಡದೆಂಬುದು ಕ್ಯಾರಲ್ಲರ ಅಭಿಪ್ರಾಯವೇ ಆಗಿದ್ದರೂ, ಆ ಅಂಕಿಗಳನ್ನು ಜಾತಕದಂತೆ ಓದುವವರಿಗೆ ಕೊರತೆಯಿಲ್ಲ.

ವಯಸ್ಕನಾದ ಅರಬ್ಬನು ಗುರುವಿಲ್ಲದೆ ಇಂಗ್ಲಿಷಿಗೆ ಕೈಹಾಕುವಾಗ ಈ ಶಕ್ತಿಗಳು ಅವನ ಮಾತೃಭಾಷೆಯಿಂದಲೇ ಪೂರ್ವಸಂಸ್ಕಾರವನ್ನು ಪಡೆದಿರುತ್ತವೆ. ಮನೆಯಲ್ಲಿ ಆಡುವ ಅರಬ್ಬಿಯೇ ಬೇರೆ, ಗ್ರಂಥಗಳ ಅರಬ್ಬಿಯೇ ಬೇರೆಯಾದುದರಿಂದ, ವ್ಯಾಕರಣದ ಹಾದಿಯಲ್ಲಿ ಭಾಷೆಯೊಂದನ್ನು ಸಾಧಿಸಿದ ಅನುಭವ ಶಾಲೆ ಕಲಿತವನಿಗೆ ಆಗಲೇ ಉಂಟು. ಅದು ಲಾಭ. ನಷ್ಟವಿರುವುದು ಕಣ್ಣಿನ ರೂಢಿಯಲ್ಲಿ: ಅರಬ್ಬಿಯ ಸಾಮಾನ್ಯ ಬರಹದಲ್ಲಿ ಹ್ರಸ್ವಸ್ವರಗಳನ್ನು ಬರೆಯುವುದಿಲ್ಲವಾಗಿ, ವ್ಯಂಜನಗಳನ್ನು ಕಂಡು ಸ್ವರವನ್ನು ಊಹಿಸಿಕೊಳ್ಳುವ ಅಭ್ಯಾಸ ಆಳವಾಗಿ ಬೇರೂರಿರುತ್ತದೆ. ಸಂಶೋಧಕರಾದ ರಯನ್ ಮತ್ತು ಮಿಯಾರಾ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಪದಗಳಿಂದ ಸ್ವರಾಕ್ಷರವೊಂದನ್ನು ಕಿತ್ತು ತೋರಿಸಿದಾಗ, ಅರಬ್ಬಿ ಭಾಷಿಕರು ಆ ಲೋಪವನ್ನು ಕಾಣದೆ ಹೋದದ್ದು ಇತರರಿಗಿಂತ ಹೆಚ್ಚು. ಏಕಾಂತದಲ್ಲಿ ಓದುವವನಿಗೆ ಇಂಥ ದೋಷವನ್ನು ತೋರಿಸಿಕೊಡುವವರಾರು?

ಹೀಗೆ ತಾವಾಗಿಯೇ ಇಂಗ್ಲಿಷ್ ಕಲಿತವರಲ್ಲೊಬ್ಬರು ಈಜಿಪ್ಟಿನ ಲೇಖಕ ಅಬ್ಬಾಸ್ ಮಹಮೂದ್ ಅಲ್-ಅಕ್ಕಾದ್. ಅಸ್ವಾನಿನಲ್ಲಿ 1889ರಲ್ಲಿ ಜನಿಸಿದ ಅವರಿಗೆ ಪ್ರಾಥಮಿಕ ಶಾಲೆಯ ಆಚೆಗೆ ವಿದ್ಯಾಭ್ಯಾಸವಿರಲಿಲ್ಲ. ಪ್ರಾಚೀನ ದೇಗುಲಗಳನ್ನು ನೋಡಲೆಂದು ಆ ಸೀಮೆಗೆ ಬರುತ್ತಿದ್ದ ವಿದೇಶೀಯರೊಡನೆ ಮಾತನಾಡುತ್ತ ಇಂಗ್ಲಿಷನ್ನು ರೂಢಿಸಿಕೊಂಡರು. (ಅಂದಿನ ಪ್ರವಾಸಿಗಳು ಊರ ಹುಡುಗನೊಬ್ಬನೊಡನೆ ಹರಟುವಷ್ಟು ಪುರುಸೊತ್ತುಳ್ಳವರಾಗಿದ್ದುದೂ ಒಂದು ಭಾಗ್ಯವೇ.) ಮಿಕ್ಕುದೆಲ್ಲ ಓದಿನ ಗಳಿಕೆ, ಸರ್ಕಾರಿ ಗುಮಾಸ್ತಿಕೆಯಲ್ಲಿದ್ದಾಗಲೂ, ಬಳಿಕ ಪತ್ರಿಕೆಗಳಲ್ಲಿ ದುಡಿಯುವಾಗಲೂ ಆ ಓದು ನಿಲ್ಲಲಿಲ್ಲ.

ಅವರ ಕಿವಿ ಎಷ್ಟು ಚುರುಕಾಗಿತ್ತೆಂದು ಯಾವ ಪರೀಕ್ಷೆಯೂ ಅಳೆದಂತಿಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು, ಆ ಭಾಷೆಯಿಂದ ಅವರು ಏನನ್ನು ಬಯಸಿದರೆಂಬುದು. ಹ್ಯಾಜ್ಲಿಟ್ಟನಂಥ ಇಂಗ್ಲಿಷ್ ವಿಮರ್ಶಕರಲ್ಲಿ ಅವರು ಅರಸಿದ್ದು ತಮ್ಮ ನುಡಿಯ ಕಾವ್ಯವನ್ನು ಪರೀಕ್ಷಿಸಲು ಬೇಕಾದ ತತ್ತ್ವಗಳನ್ನು. ಅವು ಕೈವಶವಾದ ಮೇಲೆ, 1921ರಲ್ಲಿ, ಮಿತ್ರ ಮಾಜಿನಿಯವರೊಡಗೂಡಿ ಹೊರತಂದ 'ಅಲ್-ದೀವಾನ್' ಗ್ರಂಥದಲ್ಲಿ, ಅರಬ್ ಜಗತ್ತು ಕೊಂಡಾಡುತ್ತಿದ್ದ ಕವಿ ಅಹಮದ್ ಶೌಕಿಯವರ ಪದ್ಯಗಳನ್ನೇ ಒರೆಗೆ ಹಚ್ಚಿ, ಅವುಗಳಲ್ಲಿ ಅಂಗಾಂಗಗಳನ್ನು ಬೆಸೆಯುವ ಏಕಸೂತ್ರತೆಯಿಲ್ಲವೆಂದು ದಾಕ್ಷಿಣ್ಯವಿಲ್ಲದೆ ಸಾರಿದರು.