ಡೇರೆ ಜಾತ್ರೆಗೆ ಬ್ಲೀಚಿಂಗ್ ಪುಡಿ ಹಾಕೋರು ಯಾರು?

ಶನಿವಾರ ಸಂಜೆ ಶೆಟ್ಟಿಹಳ್ಳಿ ಬಸ್ ಸ್ಟಾಪಿನಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗರ ಗುಂಪು ಕಾಣುವುದು ಈಗ ಮಾಮೂಲು. ಯಶವಂತಪುರದಲ್ಲಿ ರೈಲು ಹತ್ತಿದರೆ ಮಾಕಳಿದುರ್ಗ, ಹೆಬ್ಬಾಳದಲ್ಲಿ ಬಸ್ ಹಿಡಿದರೆ ಚಿಕ್ಕಬಳ್ಳಾಪುರದ ಸ್ಕಂದಗಿರಿ. ಬೆಟ್ಟದ ಬುಡದಲ್ಲಿ ಡೇರೆ, ಬೆಂಕಿ, ಊಟ. ವಾರವೆಲ್ಲ ದುಡಿದ ಜೀವಕ್ಕೆ ಒಂದು ದಿನ ಗಾಳಿ ಬೇಕೇ ಬೇಕು, ತಪ್ಪಿಲ್ಲ.

ಪ್ರಶ್ನೆ ಒಂದೇ. ಅಷ್ಟು ಜನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾರೆ? ಅಲ್ಲಿ ಹೋದದ್ದು ಆಮೇಲೆ ಎಲ್ಲಿಗೆ ಹೋಗುತ್ತೆ?

ಮಾಕಳಿದುರ್ಗಕ್ಕೆ ಹತ್ತಿರದ ಘಾಟಿ ಸುಬ್ರಹ್ಮಣ್ಯದಲ್ಲಿ ವರ್ಷಕ್ಕೊಮ್ಮೆ ದನಗಳ ಜಾತ್ರೆ ಸೇರುತ್ತದೆ. ಹಿಂದೆಲ್ಲ ಜಾತ್ರೆ ಅಂದರೆ ಕಾಲರಾ ಭಯ. ಅದಕ್ಕೇ ಜಾತ್ರೆಗಳಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ, ಜನಕ್ಕೆ ಸೂಜಿ ಚುಚ್ಚುವ ಪದ್ಧತಿ ಬಂತು. ದೇವರ ಮೇಲೆ ಭಕ್ತಿ ಇದ್ದರೂ ನೀರಿನ ಮೇಲೆ ಅನುಮಾನ ಇತ್ತು. ಈಗ ಬೆಟ್ಟದ ಬುಡದಲ್ಲಿ ವಾರವಾರವೂ ಜಾತ್ರೆ. ಪುಡಿ ಡಬ್ಬ ಹಿಡಿದು ಬರೋರು ಯಾರು?

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ನುಗ್ಗಿದ ಮೇಲೆ ಸರ್ಕಾರ ಎಚ್ಚೆತ್ತು, ಚಾರಣಕ್ಕೆ ಆನ್‌ಲೈನ್ ಟಿಕೆಟ್ ಕಡ್ಡಾಯ ಅಂದಿತು. ಒಳ್ಳೆಯದೇ. ಆದರೆ ಟಿಕೆಟ್ಟು ತಲೆ ಎಣಿಸುತ್ತದೆ, ಹೊಟ್ಟೆ ಕೇಳುವುದಿಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆ ಡೇರೆ ವಸತಿಗೆ ಮಾರ್ಗಸೂಚಿ ಬರೆದಿದೆ. ಅದೂ ಇಷ್ಟವಿದ್ದವರು ಅರ್ಜಿ ಹಾಕಿಕೊಳ್ಳುವ ಬಾಬತ್ತು.

ಇದರಲ್ಲಿ ಪೇಟೆಯವರಿಗಿಂತ ಹೆಚ್ಚು ನಷ್ಟ ಹಳ್ಳಿಯವರಿಗೆ. ಈ ಕಡೆಯ ನೆಲ ಬಂಡೆಗಲ್ಲು. ಗುಂಡಿಗೆ ಇಳಿದ ಹೊಲಸು ಮಣ್ಣಿನಲ್ಲಿ ಸೋಸುವ ಮೊದಲೇ ಬಂಡೆಯ ಬಿರುಕು ಹಿಡಿದು ಬೋರ್‌ವೆಲ್ ಸೇರಬಹುದು. ಭಾನುವಾರ ಡೇರೆ ಕಿತ್ತವರು ಸೋಮವಾರ ಆಫೀಸಿನಲ್ಲಿರುತ್ತಾರೆ. ಆ ನೀರು ಕುಡಿಯೋರು ಊರಿನ ಮಕ್ಕಳು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದು ಡೇರೆಯಿಂದಾದದ್ದಲ್ಲ, ನಿಜ. ಆದರೆ ನೀರು ಕೆಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇನ್ನೊಂದು ಊರು ಸಾಯಬೇಕಾಗಿಲ್ಲ.

ಜಗತ್ತಿನ ಪರಿಹಾರ ಸಂಸ್ಥೆಗಳು ನಿರಾಶ್ರಿತರ ಶಿಬಿರಕ್ಕೆ ಒಂದು ಲೆಕ್ಕ ಒಪ್ಪಿವೆ: 20 ಜನಕ್ಕೆ ಒಂದು ಕಕ್ಕಸು, ನೀರಿನ ಮೂಲದಿಂದ ಗುಂಡಿ ಕನಿಷ್ಠ 30 ಮೀಟರ್ ದೂರ. ಮನೆಮಠ ಕಳಕೊಂಡವರಿಗೆ ಇಷ್ಟು ಬೇಕೆಂದ ಮೇಲೆ, ಕಾಸು ಕೊಟ್ಟು ಬಂದವರಿಗೆ ಪೊದೆ ತೋರಿಸುವುದು ಯಾವ ನ್ಯಾಯ?

ಶೆಟ್ಟಿಹಳ್ಳಿಯಲ್ಲಿ ಇಡ್ಲಿ ಮಾರುವವನೂ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಬೇಕು. ಕ್ಯಾಂಪಿನಲ್ಲಿ ರಾತ್ರಿ ಊಟ ಬಡಿಸುವವನಿಗೂ ಅದೇ ಕಾಯ್ದೆ. ಅಂಗಡಿಯವನಿಗೆ ಒಂದು ಕಣ್ಣು, ಡೇರೆಯವನಿಗೆ ಇನ್ನೊಂದು ಕಣ್ಣು ಬೇಡ.

ಕೇಳಬೇಕಾದ್ದು ಬೆಟ್ಟದಷ್ಟೇನಿಲ್ಲ. ಕಕ್ಕಸು ತೋರಿಸದ ಡೇರೆಗೆ ಗ್ರಾಮ ಪಂಚಾಯ್ತಿ ಅನುಮತಿ ಕೊಡಬಾರದು. ಕುಡಿಯುವ ನೀರು ಪರೀಕ್ಷೆಯಾಗಬೇಕು. 100 ಮಿಲಿಲೀಟರಿನಲ್ಲಿ ಒಂದೂ ಇ-ಕೋಲಿ ಇರಕೂಡದು, ಚೀಟಿ ಬಾಗಿಲಲ್ಲೇ ತೂಗುಬೇಕು. ಪರೀಕ್ಷೆ ತಡವಾದರೂ ಪುಡಿಗೆ ತಡ ಯಾಕೆ? ತಿಳಿಯಾದ 1000 ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪುಡಿ, ಒಂದು ಗಂಟೆ ಕಾಯುವುದು, ಅಷ್ಟೇ. ಗುಂಡಿ ತುಂಬಿದರೆ ಯಂತ್ರ ಬರಲಿ. ಮನುಷ್ಯನ ಕೈಲಿ ಮಲ ಎತ್ತಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ.

ಹೋಗುವವರೂ ಮುಂಗಡ ಕಟ್ಟುವ ಮೊದಲು ಬಾಯಿ ಬಿಟ್ಟು ಕೇಳಲಿ: ಸ್ವಾಮಿ, ಕಕ್ಕಸು ಎಷ್ಟಿದೆ, ನೀರು ಎಲ್ಲಿಯದು? ಬೆಂಕಿ ಹಾಕ್ತೀರಾ, ಹಾಡು ಹಾಕ್ತೀರಾ ಅಂತ ಕೇಳೋರಿಗೆ ಇದನ್ನು ಕೇಳಲು ನಾಚಿಕೆ ಯಾಕೆ? ಗಿರಾಕಿ ಕೇಳಿದರೆ ಮಾಲೀಕ ಕಟ್ಟಿಸ್ತಾನೆ. ಗಿರಾಕಿಯೂ ಸುಮ್ಮನೆ, ಅಧಿಕಾರಿಯೂ ಸುಮ್ಮನೆ ಅಂದರೆ, ಕೊನೆಗೆ ಮಾತಾಡುವುದು ಆಸ್ಪತ್ರೆಯ ಬಿಲ್ಲು.