ಅಡುಗೆಮನೆಯೂ ಒಂದು ಪ್ರಯೋಗ ತಾಕು

ಒಂದು ತಳಿಯನ್ನು ರೈತರ ಕೈಗೆ ಕೊಡುವ ಮೊದಲು ಅದರ ಇಳುವರಿ, ಅವಧಿ, ಮೇವಿನ ಪ್ರಮಾಣ, ರೋಗ ಕೀಟಗಳನ್ನು ತಾಳಿಕೊಳ್ಳುವ ಶಕ್ತಿ ಇವನ್ನೆಲ್ಲ ನಾವು ಹಲವಾರು ವರ್ಷ ಅಳೆದು ನೋಡುತ್ತೇವೆ. ಆದರೆ ಆ ಕಾಳಿನ ಕೊನೆಯ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ. ಅಲ್ಲಿ ನಪಾಸಾದ ತಳಿ ಹೊಲದಲ್ಲಿ ಎಷ್ಟೇ ಕ್ವಿಂಟಲ್ ಕೊಟ್ಟರೂ ಬಹುಕಾಲ ನಿಲ್ಲುವುದಿಲ್ಲ. ಇಷ್ಟು ಮುಖ್ಯವಾದ ಈ ಪರೀಕ್ಷೆಯ ಬಗ್ಗೆ ನಮ್ಮ ಕೃಷಿ ಪತ್ರಿಕೆಗಳಲ್ಲಿ ಬರುವ ಬರಹ ಬಹಳ ಕಡಿಮೆ. ಬೇಸಾಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಜೋಳದ ಬೆಳೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ನಾನೂ ನಲವತ್ತು ದಾಟುವವರೆಗೆ ಒಂದು ರೊಟ್ಟಿಯನ್ನು ಬಡಿದವನಲ್ಲ. ಈ ಕೊರತೆ ನನಗೆ ತಿಳಿದದ್ದು ಒಂದು ಸೋಲಿನಿಂದ.

2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ಓಣಿಯ ಬೇಕರಿ ಮುಚ್ಚಿತ್ತು. ಮಕ್ಕಳು ಬ್ರೆಡ್ ಬೇಕೆಂದು ಹಟ ಹಿಡಿದರು. ಮನೆಯಲ್ಲಿ ಗೋಧಿ ಹಿಟ್ಟು ಸ್ವಲ್ಪವೇ ಇತ್ತು. ಲಿಂಗಸುಗೂರು ತಾಲ್ಲೂಕಿನ ನಮ್ಮ ಊರಿನಿಂದ ಅವ್ವ ಕಳಿಸಿದ್ದ ಜೋಳ ಮಾತ್ರ ಬೇಕಾದಷ್ಟಿತ್ತು. ಜೋಳದ ಹಿಟ್ಟಿಗೆ ಯೀಸ್ಟ್, ಉಪ್ಪು, ಉಗುರುಬೆಚ್ಚಗಿನ ನೀರು ಸೇರಿಸಿ ನಾದಿ, ಎರಡು ತಾಸು ಮುಚ್ಚಿಟ್ಟು, ಓವನ್ನಿನಲ್ಲಿ ಬೇಯಿಸಿದೆ. ಹೊರಗೆ ಬಂದದ್ದನ್ನು ಮಗಳು ನೆಲಕ್ಕೆ ಕುಟ್ಟಿ ನೋಡಿ, “ಅಪ್ಪಾಜಿ, ಇದು ಮಸ್ಕಿ ಗುಡ್ಡದ ಕಲ್ಲು” ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಂಜೆ ಫೋನಿನಲ್ಲಿ ಅವ್ವನಿಗೆ ಹೇಳಿದಾಗ ಅವಳು ನಕ್ಕು, “ಎಸರು ಹೊಯ್ಯಲಾರದ ಜ್ವಾಳದ ಹಿಟ್ಟು ಯಾರ ಮಾತೂ ಕೇಳೂದಿಲ್ಲೋ ಎಪ್ಪಾ. ಮೊದಲು ಎಸರು ಹೊಯ್ದು ನಾದು, ಆಮ್ಯಾಲೆ ನಿನ್ನ ಬ್ರೆಡ್ಡು” ಎಂದಳು. ಶಾಲೆಯ ಮೆಟ್ಟಿಲು ಹತ್ತದ ಅವ್ವನ ಈ ಮಾತಿನಲ್ಲಿ ನಾನು ಪುಸ್ತಕದಲ್ಲಿ ಓದಿಯೂ ಕೈಗೆ ತಾರದ ವಿಜ್ಞಾನವಿತ್ತು.

ಎಸರಿನ ಮರ್ಮ

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರಲ್ಲಿರುವ ಸಸಾರಜನಕ ಜಿಗುಟಾದ ಬಲೆಯಂತೆ ಹೆಣೆದುಕೊಳ್ಳುತ್ತದೆ. ಇದನ್ನು ಗ್ಲುಟೆನ್ ಎನ್ನುತ್ತಾರೆ. ಯೀಸ್ಟ್ ಹಿಟ್ಟಿನ ಸಕ್ಕರೆಯನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲ ಈ ಬಲೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಬ್ರೆಡ್ ಉಬ್ಬುತ್ತದೆ. ಜೋಳ, ಸಜ್ಜೆ, ನವಣೆಗಳಲ್ಲಿ ಸಸಾರಜನಕ ಇದ್ದರೂ ಅದು ಹೀಗೆ ಬಲೆ ಕಟ್ಟುವ ಜಾತಿಯದಲ್ಲ. ಅನಿಲ ಹುಟ್ಟಿದಷ್ಟೇ ಬೇಗ ಹೊರಗೆ ಹೋಗುತ್ತದೆ. ನನ್ನ ಬ್ರೆಡ್ ಕಲ್ಲಾದದ್ದು ಇದರಿಂದ.

ಹಾಗಾದರೆ ಜೋಳದ ರೊಟ್ಟಿ ಅಷ್ಟು ತೆಳ್ಳಗೆ ಹರಿಯದೆ ಬರುವುದು ಹೇಗೆ? ಇಲ್ಲಿ ಸಸಾರಜನಕದ ಬದಲು ಪಿಷ್ಟ ಕೆಲಸ ಮಾಡುತ್ತದೆ. ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ದಾಟಿದ ನೀರು ತಗುಲಿದಾಗ ಪಿಷ್ಟದ ಕಣಗಳು ನೀರು ಕುಡಿದು, ಊದಿ, ಅಂಟಾಗುತ್ತವೆ. ಈ ಅಂಟೇ ನಮ್ಮ ಹೆಣ್ಣುಮಕ್ಕಳು ಹೇಳುವ ‘ಜಿಗಿ’. ಕುದಿಯುವ ಎಸರು ಹೊಯ್ದು ನಾದುವುದರ ಮರ್ಮ ಇಷ್ಟೆ. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಕೊಬ್ಬು ಕೆಟ್ಟು ಕಹಿಯಾಗುತ್ತದೆ, ರೊಟ್ಟಿಯ ಅಂಚು ಸೀಳುತ್ತದೆ. ಸಜ್ಜೆಯಲ್ಲಿ ಕೊಬ್ಬಿನಂಶ ಹೆಚ್ಚಾದ್ದರಿಂದ ಅದರ ಹಿಟ್ಟು ಇನ್ನೂ ಬೇಗ ಕೆಡುತ್ತದೆ. ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುವ ರೂಢಿಯ ಹಿಂದೆ ಇರುವ ಕಾರಣ ಇದು.

ಬದಲಾವಣೆ ಒಂದೊಂದೇ ಇರಲಿ

ಅಂದಿನಿಂದ ನಾನು ಅಡುಗೆಮನೆಯಲ್ಲಿ ಹೊಲದ ಪ್ರಯೋಗದ ನಿಯಮವನ್ನೇ ಇಟ್ಟುಕೊಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪಕ್ಕದಲ್ಲಿ ಹೋಲಿಕೆಗೆ ಹಳೆಯ ವಿಧಾನ, ತೂಕ ಮಾಡಿದ ಲೆಕ್ಕ, ನೋಟ್‌ಬುಕ್ಕಿನಲ್ಲಿ ದಾಖಲೆ. ಜೋಳದ ಹಿಟ್ಟು ಅರ್ಧಕ್ಕಿಂತ ಹೆಚ್ಚಾದಾಗಲೆಲ್ಲ ಬ್ರೆಡ್ ಕುಸಿಯಿತು. 350 ಗ್ರಾಂ ಗೋಧಿ ಹಿಟ್ಟಿಗೆ 150 ಗ್ರಾಂ ಜೋಳದ ಹಿಟ್ಟು ಸೇರಿಸಿದಾಗ ಮಕ್ಕಳು ಕೇಳಿ ತಿನ್ನುವಂಥ ಬ್ರೆಡ್ ಬಂತು. ಅವ್ವನ ಮಾತಿನಂತೆ ಜೋಳದ ಹಿಟ್ಟಿಗೆ ಮೊದಲು 150 ಮಿಲಿಲೀಟರ್ ಎಸರು ಹೊಯ್ದು, ಅದು ಪೂರ್ತಿ ಆರಿದ ಮೇಲೆ ಉಳಿದುದನ್ನು ಸೇರಿಸಿದೆ. ಆರಿಸುವುದನ್ನು ಮರೆತರೆ ಬಿಸಿಗೆ ಯೀಸ್ಟ್ ಸತ್ತುಹೋಗುತ್ತದೆ. ಒಮ್ಮೆ ಅದನ್ನೂ ಮಾಡಿ ಕಲಿತಿದ್ದೇನೆ.

ಬಿಸ್ಕತ್ತಿಗೆ ಉಬ್ಬುವ ಅಗತ್ಯವಿಲ್ಲದ್ದರಿಂದ ಅಲ್ಲಿ ಪೂರ್ತಿ ಜೋಳವೇ ಸಾಕಾಯಿತು. 200 ಗ್ರಾಂ ಜೋಳದ ಹಿಟ್ಟನ್ನು ಹದವಾಗಿ ಹುರಿದು, 100 ಗ್ರಾಂ ತುಪ್ಪ, 100 ಗ್ರಾಂ ಪುಡಿ ಬೆಲ್ಲ, ಎರಡು ಮೂರು ಚಮಚ ಹಾಲು, ಏಲಕ್ಕಿ ಸೇರಿಸಿ 170 ಡಿಗ್ರಿಯಲ್ಲಿ ಕಾಲು ಗಂಟೆಗೆ ತುಸು ಹೆಚ್ಚು ಬೇಯಿಸಿದರೆ ಸಾಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಮರಳು ಹಾಕಿ, ಕಾಯಿಸಿ, ಒಳಗೆ ತಟ್ಟೆ ಇಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು.

ಓದುಗರು ನಗಬಹುದು. ಹೊಲದ ಮಾತು ಬಿಟ್ಟು ಬಿಸ್ಕತ್ತಿನ ಮಾತೇಕೆ ಎಂದು ಕೇಳಬಹುದು. ನನ್ನ ವಾದ ಇರುವುದೇ ಇಲ್ಲಿ.

ತಳಿಯನ್ನು ಆರಿಸುವವರು ಯಾರು?

1964ರಲ್ಲಿ ದೇಶದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಬಿಡುಗಡೆಯಾಯಿತು. ಮುಂಗಾರಿನಲ್ಲಿ ಸಂಕರಣ ತಳಿಗಳು ಇಳುವರಿಯನ್ನು ಬಹಳವಾಗಿ ಹೆಚ್ಚಿಸಿದವು. ಆದರೆ ಹಿಂಗಾರಿ ಜೋಳದ ಎರೆಭೂಮಿಯಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ಕೆಯಾದ ಎಂ 35-1, ಅಂದರೆ ನಮ್ಮ ಮಾಲದಂಡಿ, ದಶಕಗಳ ಕಾಲ ಜಾಗ ಬಿಡಲಿಲ್ಲ. ಸುಳಿನೊಣವನ್ನೂ ಕೊನೆಯ ಹಂತದ ತೇವದ ಕೊರತೆಯನ್ನೂ ಅದು ತಾಳಿಕೊಳ್ಳುತ್ತದೆ, ಕಣಿಕೆ ಎತ್ತುಗಳಿಗೆ ರುಚಿಸುತ್ತದೆ ಎಂಬುದು ಒಂದು ಕಾರಣ. ಮುತ್ತಿನಂಥ ದಪ್ಪ ಕಾಳು, ಬಿಳಿಯ ಹಿಟ್ಟು, ಮೆತ್ತಗಿನ ರೊಟ್ಟಿ ಎಂಬುದು ಮತ್ತೊಂದು ಕಾರಣ. ಹೊಲದ ಲೆಕ್ಕ ಗಂಡಸರು ಹಾಕಿರಬಹುದು. ರೊಟ್ಟಿಯ ತೀರ್ಪು ಕೊಟ್ಟವರು ಮನೆಯ ಹೆಣ್ಣುಮಕ್ಕಳು. ಅವರು ಒಲ್ಲೆ ಎಂದ ಜೋಳಕ್ಕೆ ಮನೆಯ ಕಣಜದಲ್ಲಿ ಜಾಗವಿರಲಿಲ್ಲ.

ಈಗ ನಮ್ಮ ಮೂರು ತಾಲ್ಲೂಕುಗಳನ್ನು ನೋಡಿರಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯುವವರೆಗೆ ಸಿಂಧನೂರಿನ ಎರೆಹೊಲಗಳೂ ಜೋಳ, ಹತ್ತಿಯ ಹೊಲಗಳೇ. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಮಿತ ನೀರಾವರಿ ಬೆಳೆಗಳಿಗೆ. ಭತ್ತಕ್ಕೆ ಸ್ವಲ್ಪ ಪ್ರದೇಶವಷ್ಟೇ ಗೊತ್ತಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಹಬ್ಬಿ, ಕೊನೆಯ ಭಾಗದ ರೈತರು ನೀರಿಗಾಗಿ ಬಾಯಿ ಬಿಡುವಂತಾಯಿತು. ಲಿಂಗಸುಗೂರಿನ ಮಳೆ ಆಧಾರಿತ ಭಾಗದಲ್ಲಿ ಜೋಳ, ಸಜ್ಜೆ, ತೊಗರಿ ಇನ್ನೂ ಇವೆ. ಮಸ್ಕಿ ತಾಲ್ಲೂಕಿನಲ್ಲಿ ನೀರಾವರಿ, ಒಣಬೇಸಾಯ ಎರಡೂ ಇವೆ.

ಭತ್ತ ಬೆಳೆದವರನ್ನು ನಾನು ದೂರುವುದಿಲ್ಲ. ಅದರಿಂದ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ಬಹಳ ಜನ. ಭತ್ತದ ಇಳುವರಿ ಹೆಚ್ಚಿಸಲು ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ. ಆದರೆ 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದ ರಾತ್ರಿ ಒಂದೇ ನೀರಿನ ಮೇಲೆ ಎಷ್ಟು ಮನೆಗಳು ನಿಂತಿವೆ ಎಂಬುದು ಎಲ್ಲರಿಗೂ ಅರಿವಾಯಿತು. ಭತ್ತಕ್ಕೆ ಸುಮಾರು 1200 ಮಿಲಿಮೀಟರ್ ನೀರು ಬೇಕು. ಜೋಳಕ್ಕೆ 400ರಿಂದ 500 ಮಿಲಿಮೀಟರ್ ಸಾಕು. ಎರಡನೆಯ ಬೆಳೆಗೆ ನೀರು ಸಾಲದ ವರ್ಷ ಸಿಂಧನೂರು ಭಾಗದ ರೈತರು ತಾವಾಗಿಯೇ ಜೋಳಕ್ಕೆ ತಿರುಗುತ್ತಾರೆ. ಆ ಜೋಳ ಮಾರಾಟಕ್ಕೆ ಹೋಗುತ್ತದೆಯೇ ಹೊರತು ಮನೆಯ ಹಂಚಿನ ಮೇಲೆ ಬರುವುದು ಕಡಿಮೆ.

ಬಡಿಯುವ ಕೈ ಯಾರದು?

ಇದರ ಕಾರಣವನ್ನು ಮುಚ್ಚಿಡದೆ ಹೇಳಬೇಕು. ರೊಟ್ಟಿ ಬಡಿಯುವುದು ಕಷ್ಟದ ಕೆಲಸ. ಅನ್ನ ಕುಕ್ಕರಿನಲ್ಲಿ ತಾನಾಗಿ ಆಗುತ್ತದೆ. ಹತ್ತು ಜನರ ಮನೆಗೆ ರೊಟ್ಟಿ ಬೇಕಾದರೆ ಒಬ್ಬ ಹೆಣ್ಣುಮಗಳು ಒಂದೆರಡು ತಾಸು ಒಲೆಯ ಮುಂದೆ ಬೇಯಬೇಕು. ನನ್ನ ಅವ್ವನಿಗೆ ಈಗ ಮಣಿಕಟ್ಟಿನ ನೋವು. ಐವತ್ತು ವರ್ಷ ಬಡಿದ ಕೈ ಅದು. ನನ್ನ ಹೆಂಡತಿ ಶಾಲಾ ಶಿಕ್ಷಕಿ, ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವವಳು. ಸಿರಿಧಾನ್ಯ ಮತ್ತು ಜೋಳದ ಮಹತ್ವದ ಬಗ್ಗೆ ವೇದಿಕೆಯ ಮೇಲೆ ಭಾಷಣ ಮಾಡಿ ಮನೆಗೆ ಬಂದು ಅವಳಿಂದ ರೊಟ್ಟಿ ನಿರೀಕ್ಷಿಸುವುದು ನ್ಯಾಯವಲ್ಲವೆಂದು ನನಗೆ ಅನ್ನಿಸಿತು. ಭಾರತದ ಸೂಚನೆಯಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ನಾನೂ ಅಂಥ ಭಾಷಣಗಳನ್ನು ಮಾಡಿದ್ದೇನೆ. ಕೇಳುತ್ತಿದ್ದ ತಾಯಂದಿರು ಮನಸ್ಸಿನಲ್ಲಿ ಏನೆಂದುಕೊಂಡರೋ!

ಆದ್ದರಿಂದ ನಾನು ರೊಟ್ಟಿ ಬಡಿಯಲು ಕಲಿತೆ. ಮೊದಲ ತಿಂಗಳ ರೊಟ್ಟಿಗಳು ಭೂಪಟದಂತಿದ್ದವು. ಈಗ ಭಾನುವಾರ ಹದಿನೈದು ರೊಟ್ಟಿ ಬಡಿಯುತ್ತೇನೆ. ರೊಟ್ಟಿ ಬಡಿಯುವ ಕೈ ಇಲ್ಲವಾದರೆ ಜೋಳ ಬಿತ್ತುವ ಕೈಯೂ ಉಳಿಯುವುದಿಲ್ಲ. ಆ ಕೈ ಹೆಂಗಸಿನದೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಬಡಿಯಲಾಗದವರಿಗೆ ಬಿಸ್ಕತ್ತು, ಬ್ರೆಡ್ಡು, ಅಂಬಲಿ, ನುಚ್ಚು ಇವೆ. ಕಲಬುರಗಿಯಲ್ಲಿ ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಿಂದ ರೊಟ್ಟಿ ಮಾರುತ್ತಿವೆ. ನಮ್ಮ ಮೂರು ತಾಲ್ಲೂಕುಗಳ ಸಂಘಗಳೂ ಖಡಕ್ ರೊಟ್ಟಿಯ ಜೊತೆಗೆ ಜೋಳದ ಬಿಸ್ಕತ್ತನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಬಹುದು.

ಒಂದು ಎಚ್ಚರಿಕೆ. ಜೋಳ ಸಕ್ಕರೆ ರೋಗಕ್ಕೆ ಔಷಧಿ ಎಂದು ಸಾರುವವರಿದ್ದಾರೆ. ಅದು ಔಷಧಿಯಲ್ಲ, ಒಳ್ಳೆಯ ಆಹಾರ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು ಸುಮಾರು 3 ಗ್ರಾಂ. ಕಬ್ಬಿಣದ ಅಂಶವೂ ಜೋಳದಲ್ಲೇ ಹೆಚ್ಚು. ಹುಳಿ ಬರಿಸಿದ ಅಂಬಲಿಯಲ್ಲಿ ಈ ಖನಿಜಗಳು ದೇಹಕ್ಕೆ ಇನ್ನೂ ಚೆನ್ನಾಗಿ ದಕ್ಕುತ್ತವೆ. ಇಷ್ಟು ಹೇಳಿದರೆ ಸಾಕು. ಬೆಲ್ಲ, ತುಪ್ಪ ಹಾಕಿದ ಬಿಸ್ಕತ್ತು ಜೋಳದ್ದಾದರೂ ಬಿಸ್ಕತ್ತೇ ಎಂಬುದನ್ನು ಮರೆಯಬಾರದು.

ರೈತ ಬಾಂಧವರಲ್ಲಿ ಕೋರಿಕೆ

1. ಮನೆಯ ಊಟಕ್ಕೆಂದು ಸ್ವಲ್ಪ ಹೊಲ ಮೀಸಲಿಡಿರಿ. ಐದು ಜನರ ಮನೆಯಲ್ಲಿ ತಲೆಗೆ ದಿನಕ್ಕೆ 250 ಗ್ರಾಂನಂತೆ ವರ್ಷಕ್ಕೆ ಸುಮಾರು ನಾಲ್ಕೂವರೆ ಕ್ವಿಂಟಲ್ ಜೋಳ ಬೇಕು. ಎರೆಭೂಮಿಯಲ್ಲಿ ಮಳೆ ಕೈಕೊಡದ ವರ್ಷ ಒಂದು ಎಕರೆ ಇದನ್ನು ಕೊಡಬಲ್ಲದು.

2. ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತಿರಿ. ಎಕರೆಗೆ ಸುಮಾರು 3 ಕಿಲೋ ಬೀಜ ಸಾಕು.

3. ಹೊಸ ತಳಿ ಬಿತ್ತಿದಾಗ ಇಳುವರಿಯ ಜೊತೆಗೆ ರೊಟ್ಟಿಯನ್ನೂ ಪರೀಕ್ಷಿಸಿರಿ. ಹಳೆಯ ತಳಿಯ ಹಿಟ್ಟನ್ನು ಪಕ್ಕದಲ್ಲಿಟ್ಟು, ಒಂದೇ ದಿನ ಬೀಸಿಸಿ, ಒಂದೇ ಕೈಯಿಂದ ಬಡಿದು ನೋಡಿರಿ. ಜಿಗಿ, ಬಣ್ಣ, ರುಚಿ, ಮರುದಿನದ ಮೆತ್ತಗಿನ ಗುಣ ಬರೆದಿಡಿರಿ.

4. ಆ ಬರಹವನ್ನು ಕ್ಷೇತ್ರೋತ್ಸವಕ್ಕೆ ತನ್ನಿರಿ. ಬರೆದವರು ಮನೆಯ ಹೆಣ್ಣುಮಗಳಾಗಿದ್ದರೆ ಅವಳನ್ನೇ ಕರೆತನ್ನಿರಿ.

ಕೊನೆಯ ಮಾತು ನಮ್ಮಂಥ ವಿಜ್ಞಾನಿಗಳಿಗೆ. ನಮ್ಮ ಪ್ರಾತ್ಯಕ್ಷಿಕೆಗಳಲ್ಲಿ ಇಳುವರಿಯ ಫಲಕವಿರುತ್ತದೆ, ಒಲೆ ಮತ್ತು ಹಂಚು ಇರುವುದಿಲ್ಲ. ಇನ್ನು ಮುಂದೆ ಅವೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ತಳಿಯ ಬಗ್ಗೆ ಎರಡು ಮಾತು ನಾವು ಹೇಳೋಣ, ಎರಡು ಮಾತು ಹಂಚಿನ ಮುಂದೆ ಕುಳಿತವರು ಹೇಳಲಿ. ಅವರ ಮಾತನ್ನು ಮೊದಲೇ ಕೇಳಿದ್ದರೆ ನನ್ನ ಮೊದಲ ಬ್ರೆಡ್ ಕಲ್ಲಾಗುತ್ತಿರಲಿಲ್ಲ.